ರಾಗಿಯ ಎಡ ಭುಜ

ಕನೀಜ್ ಫಾತಿಮಾಗೆ ನಾಯಿಗಳ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದ ಅವಳಿಗೆ ನಾಯಿ ಅಂದರೆ ಬೀದಿಯ ಪ್ರಾಣಿ. ಮೂತಿ ತಾಗಿದರೆ ಬಟ್ಟೆ ಬದಲಿಸಿಯೇ ನಮಾಜಿಗೆ ನಿಲ್ಲಬೇಕು. ಈಗ ಕಡಲಾಚೆ ಬಂದು ನೆಲೆಸಿ, ಆರ್ಟೀಸಿಯಾ ಊರಿನ ಔಷಧಿ ಅಂಗಡಿಯೊಂದರಲ್ಲಿ ಅವಳು ಫಾರ್ಮಸಿಸ್ಟ್. ಗಂಡ ಅನ್ವರ್‌ನದು ಅದೇ ರಸ್ತೆಯ ತುದಿಯಲ್ಲಿ, ಕಾರಿನ ಸೀಟುಗಳಿಗೆ ಹೊಸ ಹೊದಿಕೆ ಹೊಲಿದುಕೊಡುವ ಅಂಗಡಿ. ಮನೆ, ಪಕ್ಕದ ಊರು ಸೆರಿಟೋಸ್‌ನಲ್ಲಿ.

ಮಗಳು ರಿಮ್ಶಾ ಕಾಲೇಜಿಗೆಂದು ಬರ್ಕ್ಲಿಗೆ ಹೋದ ವರ್ಷ, ಎರಡು ಸಾವಿರದ ಮೂರರ ಬೇಸಿಗೆ. ಔಷಧಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಒಂದು ಹಸ್ಕಿ, ಹಿಮನಾಡಿನ ನಾಯಿ, ನಿಂತಿತ್ತು. ಕಾದ ಟಾರಿನ ಮೇಲೆ ಒಂದು ಪಾದ ಊರಿ ಇನ್ನೊಂದನ್ನು ಎತ್ತುತ್ತಿತ್ತು. ನೀಲಿ ಕಣ್ಣು ಚೆಂದ ಅಂತ ಯಾರೋ ಮರಿಯಾಗಿದ್ದಾಗ ತಂದು, ಮೈತುಂಬ ಕೂದಲುದುರಿಸುವ ಪ್ರಾಣಿಯಾದ ಮೇಲೆ ಬಿಟ್ಟುಹೋಗಿದ್ದಿರಬೇಕು. ಕನೀಜ್ ಬಾಗಿಲು ತೆರೆದು ನೆರಳಿಗೆ ಕರೆದಳು. ಅದು ಬಂದು ಅವಳ ಚಪ್ಪಲಿಯ ಮೇಲೆ ಗಲ್ಲ ಇಟ್ಟು ಮಲಗಿಬಿಟ್ಟಿತು.

ಮನೆಗೆ ಒಯ್ಯುವಂತಿರಲಿಲ್ಲ. ಸ್ಯಾನ್ ಡಿಯಾಗೋದಲ್ಲಿ ನಮ್ಮ ಕಡೆಯವನೊಬ್ಬ ಇಂಥ ನಾಯಿಗಳನ್ನೇ ಸಾಕುತ್ತಾನೆ ಎಂದು ಯಾರೋ ಹೇಳಿದರು. ಫೋನ್ ಮಾಡಿದ ಸಂಜೆಯೇ ಆತ ಟ್ರಕ್ಕು ತಗೊಂಡು ಬಂದ. ಹೆಸರು ಗೋಪಿನಾಥ್, ಬೆಂಗಳೂರಿನವನು, ಟೆಲಿಕಾಂ ಇಂಜಿನಿಯರ್. ಮನೆ ಫೋರ್ ಎಸ್ ರ್ಯಾಂಚ್‌ ಬಡಾವಣೆಯಲ್ಲಾದರೂ ಜೀವವೆಲ್ಲ ರಮೋನಾದ ಗುಡ್ಡದಲ್ಲಿ ಬಾಡಿಗೆಗೆ ಹಿಡಿದ ಒಂದು ತುಂಡು ನೆಲದ ಮೇಲೆ. ಅಲ್ಲಿ ಅವನ ನಾಯಿಗಳಿದ್ದವು: ಜೋಳ, ನವಣೆ, ಸಜ್ಜೆ, ಮುದುಕಿ ಹುರುಳಿ. ಎಲ್ಲವಕ್ಕೂ ಕಾಳಿನ ಹೆಸರು. ಹೊಸಬಳ ಮೈಬಣ್ಣ ನೋಡಿ, "ಇವಳು ರಾಗಿ," ಎಂದ. ಅಲ್ಲಿಗೆ ಹೆಸರಾಯಿತು.

ಕೊಟ್ಟುಕಳಿಸಿದ ನಾಯಿಯನ್ನು ಒಮ್ಮೆ ನೋಡಿಬರೋಣ ಅಂತ ಹೋದವಳು ಮುಂದಿನ ಶನಿವಾರವೂ ಹೋದಳು, ಅದರ ಮುಂದಿನದೂ. ಹಿಮವೇ ಬೀಳದ ಊರಿನಲ್ಲಿ ಹಿಮದ ಬಂಡಿಯ ನಾಯಿಗಳನ್ನು ಪಳಗಿಸುವುದು ನೋಡುವವರಿಗೆ ತಮಾಷೆ. ಬಿಸಿಲೇರುವ ಮುಂಚೆ ಮಣ್ಣು ರಸ್ತೆಯಲ್ಲಿ ಇಂಜಿನ್ನಿಲ್ಲದ ಚಕ್ರದ ಗಾಡಿಗೆ ನಾಯಿಗಳನ್ನು ಕಟ್ಟಿ ಓಡಿಸುವುದು. ಚಳಿಗಾಲದಲ್ಲಿ ಬಿಗ್ ಬೇರ್ ಬೆಟ್ಟದಲ್ಲಿ ಹಿಮ ಬಿದ್ದ ಸುದ್ದಿ ಬಂದರೆ ಜಾರುಬಂಡಿ ಹೇರಿಕೊಂಡು ಅಲ್ಲಿಗೆ ಓಡುವುದು. ಗೋಪಿನಾಥನ ನಾಯಿಗಳಿಗೆ ಕನ್ನಡವೇ ಅರ್ಥವಾಗುತ್ತಿದ್ದದ್ದು. "ಬಲ" ಅಂದರೆ ಬಲಕ್ಕೆ, "ಎಡ" ಅಂದರೆ ಎಡಕ್ಕೆ, "ನಡೀ" ಅಂದರೆ ಗಾಳಿ. ಒಂದೇ ವರ್ಷದಲ್ಲಿ ರಾಗಿ ಎಲ್ಲವಕ್ಕೂ ಮುಂದಾಳಾಯಿತು. ಮುಂದಾಳು ನಾಯಿಗೆ ಬಲಕ್ಕಿಂತ ಕಿವಿ ಮುಖ್ಯ ಅನ್ನುತ್ತಿದ್ದ ಗೋಪಿನಾಥ್. ಕನೀಜ್ ಬಾಯಿ ತೆರೆಯುವ ಮೊದಲೇ ರಾಗಿಯ ಕಿವಿ ಹಿಂದಕ್ಕೆ ತಿರುಗಿರುತ್ತಿತ್ತು.

ಅನ್ವರ್ ಮೊದಮೊದಲು ಗೊಣಗಿದ. ಆಮೇಲೆ, "ಕೆಲಸದ ನಾಯಿ ಅಂದ್ರೆ ಬೇರೆ. ಮನೆಯೊಳಗೆ ಮಾತ್ರ ಬೇಡ," ಎಂದು ಸುಮ್ಮನಾದ. ಹಿಮದಲ್ಲಿ ಓಡುವ ನಾಯಿಗಳ ಪಾದಕ್ಕೆ ಬಟ್ಟೆಯ ಚೀಲ ತೊಡಿಸಬೇಕು, ಇಲ್ಲವಾದರೆ ಹಿಮದ ಹರಳು ಬೆರಳ ಸಂದಿಯಲ್ಲಿ ಕೊಯ್ಯುತ್ತದೆ. ಒಂದು ಸಂಜೆ ಕನೀಜ್ ಅಂಗಡಿಗೆ ಹೋದಾಗ ಅನ್ವರ್ ಸೀಟು ಹೊಲಿಯುವ ದೊಡ್ಡ ಮಿಷಿನ್ನಿನಲ್ಲಿ ಅಂಗೈಯಗಲದ ಚೀಲಗಳನ್ನು ಹೊಲಿಯುತ್ತಿದ್ದ. ಪಕ್ಕದಲ್ಲಿ ಒಂದು ರಾಶಿಯೇ ಇತ್ತು.

"ಕೊಂಡುತಂದದ್ದು ಹರಿದುಹೋಗ್ತವೆ ಅಂತಿದ್ದೆಯಲ್ಲ," ಎಂದ, ತಲೆಯೆತ್ತದೆ.

ಗೋಪಿನಾಥನಿಗೆ ಒಂದೇ ಆಸೆ. ಮೊಂಟಾನಾದ ಬೆಟ್ಟಗಳಲ್ಲಿ ನಡೆಯುವ ಮುನ್ನೂರು ಮೈಲಿಯ ಓಟವನ್ನು ತನ್ನ ನಾಯಿಗಳು ಮುಗಿಸಬೇಕು. ಎರಡು ಸಾವಿರದ ಐದರಲ್ಲಿ ತಾನೇ ಬಂಡಿ ಹತ್ತಿದ್ದ. ಮೊದಲ ತಂಗುದಾಣ ಸೇರುವಷ್ಟರಲ್ಲಿ ಮಂಡಿ ಕೈಕೊಟ್ಟು ಹಿಂದೆ ಸರಿಯಬೇಕಾಯಿತು. ಆ ಬೇಸಿಗೆಯಲ್ಲಿ ಮಂಡಿಯ ಆಪರೇಷನ್ ಆಯಿತು. "ನನ್ನ ಕಾಲಾಗಲ್ಲ ಇನ್ನು. ನಾಯಿಗಳು ನಿಮ್ಮ ಮಾತು ಕೇಳ್ತವೆ. ನೀವು ಓಡಿಸಿ, ಕನೀಜ್ ಅವರೇ," ಎಂದ. ಅವಳು ನಕ್ಕಳು. ಮಾರನೇ ವರ್ಷ ಎರಡು ಚಿಕ್ಕ ಓಟಗಳನ್ನು ಮುಗಿಸಿದ ಮೇಲೆ ನಗುವುದು ಬಿಟ್ಟಳು. ಎರಡು ಸಾವಿರದ ಏಳರ ಫೆಬ್ರವರಿಯ ಓಟಕ್ಕೆ ಅವಳ ಹೆಸರು ಹೋಯಿತು.

ಆ ಓಟದ ಮೊದಲ ಅರ್ಧವನ್ನು ಕನೀಜ್ ಆಮೇಲೆ ಯಾರೊಂದಿಗೂ ಹೇಳಿಕೊಳ್ಳಲಿಲ್ಲ, ಆದರೆ ಅವಳ ಬದುಕಿನಲ್ಲಿ ಅಷ್ಟು ಸುಖ ಕಂಡದ್ದು ಕಡಿಮೆ. ಪೈನ್ ಮರಗಳ ನಡುವೆ ನಾಯಿಗಳ ಉಸಿರಿನ ಹಬೆ, ಬಂಡಿಯ ಕೆಳಗೆ ಹಿಮದ ಸದ್ದು, ಮುಂದೆ ರಾಗಿಯ ಎರಡು ಕಿವಿ. ಹೊರಡುವ ಮುನ್ನ ಓಟದ ಪಶುವೈದ್ಯರು ಎಲ್ಲ ನಾಯಿಗಳನ್ನೂ ನೋಡಿ ಸರಿಯಾಗಿವೆ ಅಂದಿದ್ದರು. ಎರಡನೇ ದಿನ ಬೆಳಗಿನ ಬಿಸಿಲಲ್ಲಿ ನಡುದಾರಿಯ ತಂಗುದಾಣ ಸೇರಿದಾಗ ಗೋಪಿನಾಥ್ ಅಲ್ಲಿ ಹುಲ್ಲು ಹಾಸಿ ಕಾಯುತ್ತಿದ್ದ. "ಎಂಟನೇ ಜಾಗದಲ್ಲಿದ್ದೀರಿ!" ಎಂದು ಕೂಗಿದ, ಮಗುವಿನ ಹಾಗೆ.

ಕನೀಜ್ ನಾಯಿಗಳ ಪಾದದ ಚೀಲ ಬಿಚ್ಚಿ ಬಿಸಿನೀರು ತರಲು ಹೋದಳು. ತಿರುಗಿ ಬಂದಾಗ ಗೋಪಿನಾಥ್ ಅವಳಿಗೆ ಬೆನ್ನು ಮಾಡಿ ರಾಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲಿ ಮಾಂಸದ ಉಂಡೆ. ಅದರೊಳಗೆ ಏನನ್ನೋ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಅವಳ ನೆರಳು ಬಿದ್ದದ್ದೇ ಬೆಚ್ಚಿದ. ಉಂಡೆ ಹಿಮದ ಮೇಲೆ ಬಿತ್ತು, ಒಡೆಯಿತು. ಒಳಗೆ ಅರ್ಧ ಹಳದಿ ಮಾತ್ರೆ.

ಆ ಮಾತ್ರೆಯನ್ನು ಅವಳು ಕತ್ತಲಲ್ಲೂ ಗುರುತು ಹಿಡಿಯಬಲ್ಲಳು. ತನ್ನ ಕೈಯಾರೆ ಎಣಿಸಿ ಡಬ್ಬಿಗೆ ತುಂಬಿದ್ದು. ಮುದುಕಿ ಹುರುಳಿಗೆ ಕೀಲುನೋವು, ಡಾಕ್ಟರು ಬರೆದುಕೊಟ್ಟಿದ್ದಾರೆ ಎಂದು ಗೋಪಿನಾಥ್ ಡಿಸೆಂಬರಿನಿಂದ ಅವಳ ಅಂಗಡಿಗೇ ಬಂದು ಒಯ್ಯುತ್ತಿದ್ದ.

"ಇದು ಹುರುಳಿಯ ಮಾತ್ರೆ ಅಲ್ವಾ?"

"ಅಲ್ಲಪ್ಪ. ವಿಟಮಿನ್ನು."

"ಗೋಪಿ ಅವರೇ. ಮಾತ್ರೆ ಎಣಿಸಿ ಕೊಟ್ಟ ನನಗೇ ಹೇಳ್ತಿದ್ದೀರಾ?"

ಕನೀಜ್ ಕೈಗವಸು ಕಳಚಿ ರಾಗಿಯ ಮೈಮೇಲೆ ಬೆರಳಾಡಿಸುತ್ತ ಬಂದಳು. ಬೆನ್ನು, ಪಕ್ಕೆ, ಬಲ ಭುಜ. ಎಡ ಭುಜಕ್ಕೆ ಬಂದು ಮೆಲ್ಲಗೆ ಒತ್ತಿದಳು. ರಾಗಿ ಕುಂಯ್ ಅನ್ನಲಿಲ್ಲ. ಚರ್ಮ ಮಾತ್ರ ಅದುರಿತು. ಆಮೇಲೆ ತಲೆ ತಿರುಗಿಸಿ ಅವಳ ಕೈಯನ್ನು ನೆಕ್ಕಿತು, ತಪ್ಪು ತನ್ನದೇ ಅನ್ನುವ ಹಾಗೆ.

"ನವೆಂಬರ್‌ನಲ್ಲಿ ಇಳಿಜಾರಲ್ಲಿ ಬಿದ್ಲು," ಎಂದ ಗೋಪಿನಾಥ್ ಕೊನೆಗೆ. "ನೀವು ಆ ವಾರ ಬಂದಿರ್ಲಿಲ್ಲ. ಡಾಕ್ಟ್ರು ಈ ಸೀಸನ್ ಓಡಿಸ್ಬೇಡಿ ಅಂದ್ರು. ಆದ್ರೆ ಆಮೇಲೆ ಚೆನ್ನಾಗೇ ಇದ್ಲಲ್ಲ, ನೀವೇ ನೋಡಿದ್ರಲ್ಲ!"

"ಚೆನ್ನಾಗಿರೋಳಿಗೆ ಮಾತ್ರೆ ಯಾಕೆ?"

"ಇನ್ನರ್ಧ ದಾರಿ, ಅಷ್ಟೇ. ಮುಗಿಸಿಬಿಟ್ರೆ ಆಮೇಲೆ ಅವಳಿಗೆ ಪೂರ್ತಿ ರೆಸ್ಟು. ಇಷ್ಟು ದೂರ ಬಂದಿದ್ದೀವಿ, ಕನೀಜ್."

"ಹುರುಳಿಗೆ ಏನು ಕೊಡ್ತಿದ್ರಿ ಹಾಗಾದ್ರೆ?"

ಹುರುಳಿ ರಮೋನಾದ ಗೂಡಿನಲ್ಲಿ ಏಳಲಾರದೆ ಏಳುತ್ತಿದ್ದದ್ದು ಕನೀಜಳ ಕಣ್ಣಿಗೆ ಕಟ್ಟಿತು. ವಯಸ್ಸಾಯಿತು, ಪಾಪ, ಅಂದುಕೊಂಡಿದ್ದಳು. ತಿಂಗಳು ತಿಂಗಳೂ ಈ ಮನುಷ್ಯ ಅವಳ ಕೌಂಟರಿನ ಮುಂದೆ ನಿಂತು, ಅನ್ವರ್ ಹೇಗಿದ್ದಾರೆ, ರಿಮ್ಶಾ ಫೋನ್ ಮಾಡಿದ್ದಳಾ ಎಂದೆಲ್ಲ ವಿಚಾರಿಸಿ, ಅವಳ ಕೈಯಿಂದಲೇ ಡಬ್ಬಿ ಈಸಿಕೊಂಡು ಹೋಗಿದ್ದ. ರಾಗಿಯ ನೋವನ್ನು ಮುಚ್ಚಿಟ್ಟದ್ದು ಅವಳ ಕೈಯೇ.

"ನಾನು ಹಿಂದೆ ಸರೀತೀನಿ."

"ಬೇಡ! ರಾಗಿ ಒಬ್ಬಳನ್ನ ಇಲ್ಲಿ ಬಿಡಿ. ರೂಲ್ಸ್‌ನಲ್ಲಿ ಅವಕಾಶ ಇದೆ. ನವಣೇನ ಮುಂದೆ ಕಟ್ಟಿ."

"ನವಣೆಗೆ ಏನು ಕೊಟ್ಟಿದ್ದೀರೋ ನನಗೇನು ಗೊತ್ತು?"

"ಅಯ್ಯೋ, ಮಗನ ಮೇಲಾಣೆ, ಬೇರೆ ಯಾವುದಕ್ಕೂ ಏನೂ ಕೊಟ್ಟಿಲ್ಲ."

ನಿಜವೇ ಇರಬಹುದು. ಆದರೆ ನಂಬುವುದಕ್ಕೆ ಅವಳೊಳಗೆ ಏನೂ ಉಳಿದಿರಲಿಲ್ಲ.

ಓಟದ ಮೇಲ್ವಿಚಾರಕಿ ಒಬ್ಬಳು ದಪ್ಪನೆಯ ಮುದುಕಿ. ಕನೀಜಳ ಮುಖ ನೋಡಿ ಮೊದಲು ಬಿಸಿ ಕಾಫಿ ಕೊಟ್ಟಳು, ಆಮೇಲೆ ಕಾರಣ ಕೇಳಿದಳು. ದೂರದಲ್ಲಿ ಗೋಪಿನಾಥ್ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದ. ಓಟದ ನಾಯಿಗೆ ನೋವಿನ ಮಾತ್ರೆ ಕೊಟ್ಟದ್ದು ಗೊತ್ತಾದರೆ ಅವನಿಗೆ ಮುಂದೆ ಯಾವ ಓಟಕ್ಕೂ ಪ್ರವೇಶವಿಲ್ಲ. ನಾಲ್ಕು ವರ್ಷದ ಶನಿವಾರಗಳು ಅವಳಿಗೆ ನೆನಪಾದವು. "ಮುಂದಾಳು ನಾಯಿಗೆ ಭುಜ ಉಳುಕಿದೆ. ದಾರಿಯಲ್ಲಿ ಆಯಿತು," ಎಂದಳು. ಸಹಿ ಹಾಕಿದಳು. ಅವನಿಗಾಗಿ ಅವಳು ಹೇಳಿದ ಸುಳ್ಳು ಅದೊಂದೇ.

ಹಿಂತಿರುಗುವ ದಾರಿಯಲ್ಲಿ ಅವನ ಟ್ರಕ್ಕಿನಲ್ಲೇ ಕೂರಬೇಕಾಯಿತು. ನಾಯಿಗಳು ಹಿಂದಿನ ಪೆಟ್ಟಿಗೆಗಳಲ್ಲಿ, ಇವರಿಬ್ಬರು ಮುಂದೆ. ಯೂಟಾ ದಾಟಿತು, ಲಾಸ್ ವೇಗಸ್ಸಿನ ದೀಪಗಳು ದಾಟಿದವು. ಗೋಪಿನಾಥ್ ಹಾಡು ಹಾಕಿದ, ತಾನೇ ಆರಿಸಿದ. ಬಾರ್‌ಸ್ಟೋ ಹತ್ತಿರ ಪೆಟ್ರೋಲು ಹಾಕಿಸಿ ಬಂದು, "ನೀವು ಯಾರ ಹತ್ರನೂ ಹೇಳಲ್ಲ ಅಲ್ವಾ?" ಎಂದು ಕೇಳಿದ.

ಅವಳು ಕಿಟಕಿಯಾಚೆ ನೋಡುತ್ತ, "ಹೇಳಲ್ಲ," ಅಂದಳು.

ಸೆರಿಟೋಸ್‌ನಲ್ಲಿ ಇಳಿದಾಗ ರಾಗಿಯ ಪೆಟ್ಟಿಗೆಯ ಕಿಂಡಿಯಲ್ಲಿ ಬೆರಳು ತೂರಿಸಿದಳು. ಒದ್ದೆ ಮೂಗು ತಾಗಿತು. ಅನ್ವರ್ ಹೊರಗೆ ಬಂದು ಅವಳ ಬ್ಯಾಗು ಎತ್ತಿಕೊಂಡ. ಅವನಿಗೆ ಮಾತ್ರ ಎಲ್ಲವನ್ನೂ ಹೇಳಿದಳು. ಅವನು ಕೇಳಿ, "ಊಟ ಮಾಡು ಮೊದಲು," ಎಂದ.

ಮಾರ್ಚಿನಲ್ಲಿ ಫೋರ್ ಎಸ್ ರ್ಯಾಂಚ್‌ನ ಗೆಳತಿ ಭಾನುಮತಿಯ ಮನೆಯಲ್ಲಿ ಯುಗಾದಿ ಊಟ. ಅನ್ವರನಿಗೆ ಅಂಗಡಿಯ ಕೆಲಸ. ಕನೀಜ್ ಒಬ್ಬಳೇ ಹೋದಳು. ಹೋಗದಿದ್ದರೆ ಜನ ಯಾಕೆ ಅಂತ ಕೇಳುತ್ತಾರೆ, ಆಗ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ. ಭಾನುಮತಿ ಅವಳ ತಟ್ಟೆಗೆ ಒಬ್ಬಟ್ಟು ಹಾಕುತ್ತ, ಭುಜದ ಮೇಲೆ ಕೈಯಿಟ್ಟು, ಕನಿಕರದ ದನಿಯಲ್ಲಿ ಅಂದಳು: "ಬೇಜಾರು ಮಾಡ್ಕೋಬೇಡಿ ಕನೀಜ್. ಅಷ್ಟು ಚೆನ್ನಾಗಿ ಓಡಿಸ್ತಿದ್ರಂತೆ. ಮನೆಯವರು ಫೋನ್ ಮಾಡಿ ವಾಪಸ್ ಬಾ ಅಂದ್ರೆ ನೀವು ತಾನೆ ಏನ್ ಮಾಡ್ತೀರಿ?"

"ಯಾವ ಮನೆಯವರು?"

"ನಿಮ್ಮ ಯಜಮಾನ್ರು. ಅಲ್ಲಾ, ನಿಮ್ಮಲ್ಲಿ ನಾಯಿ ಮುಟ್ಟಬಾರದು ಅಂತ ಇದೆಯಲ್ಲ, ಅದಕ್ಕೆ ಅವರು ಅರ್ಧದಲ್ಲೇ ಬಿಡಿಸಿದ್ರು ಅಂತ ಗೋಪಿನಾಥ್ ಹೇಳ್ತಿದ್ರು. ಪಾಪ, ಗೋಪಿನಾಥ್ ಅವರಿಗೂ ಎಷ್ಟು ಆಸೆ ಇತ್ತು."

ಸುತ್ತ ಕೂತಿದ್ದ ಮೂರ್ನಾಲ್ಕು ಜನ ತಟ್ಟೆ ನೋಡಿಕೊಂಡರು. ಎಲ್ಲರಿಗೂ ಗೊತ್ತಿದೆ ಅಂತಾಯಿತು. ಸೀಟಿನ ಮಿಷಿನ್ನಿನ ಮುಂದೆ ಬಗ್ಗಿ ಕೂತು ನಾಯಿಗಳ ಪಾದಕ್ಕೆ ಚೀಲ ಹೊಲಿಯುತ್ತಿದ್ದ ಅನ್ವರನ ಬೆನ್ನು ಕನೀಜಳ ಕಣ್ಣ ಮುಂದೆ ಬಂತು.

ಅಡಿಗೆಮನೆಯಲ್ಲಿ ಗೋಪಿನಾಥನ ಹೆಂಡತಿ ಕಲಾವತಿ ಕೋಸಂಬರಿ ಕಲಸುತ್ತಿದ್ದಳು. ಧಾರವಾಡದ ಹೆಣ್ಣು, ಮಾತು ಜಾಸ್ತಿ. ಆದರೆ ಕನೀಜಳನ್ನು ಕಂಡವಳೇ ಮುಖವನ್ನು ಬಟ್ಟಲಿನ ಕಡೆ ತಿರುಗಿಸಿದಳು.

"ಕಲಾ, ರಾಗಿಯ ಭುಜದ ವಿಷಯ ನಿಮಗೆ ಗೊತ್ತಿತ್ತಾ?"

ಕಲಾವತಿ ಬಟ್ಟಲಿನಿಂದ ಕೈ ತೆಗೆಯಲಿಲ್ಲ. "ಗೊತ್ತಿತ್ರೀ," ಎಂದಳು ಕಡೆಗೆ.

"ನನ್ನ ಗಂಡನ ಮೇಲೆ ಹೇಳಿದ್ದು?"

ಕಲಾವತಿ ತಲೆ ತಗ್ಗಿಸಿದಳು. ಇವಳು ಈದಿಗೆ ತಮ್ಮ ಮನೆಗೆ ಬಂದು ಅನ್ವರನ ಕೈಯಿಂದ ಶೀರ್ ಕುರ್ಮಾ ಬಡಿಸಿಕೊಂಡು ತಿಂದವಳು. ಕನೀಜ್ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಯಾರಿಗೂ ಹೇಳದೆ ಹೊರಟಳು. ಹಿತ್ತಲಲ್ಲಿ ಗೋಪಿನಾಥ್ ಜೋರಾಗಿ ನಗುತ್ತಿದ್ದದ್ದು ಕೇಳುತ್ತಿತ್ತು. ನಿಜ ಹೇಳಲು ಅವಳಿಗೆ ಈಗ ದಾರಿಯೂ ಇರಲಿಲ್ಲ. ಓಟದವರ ಮುಂದೆ ತಾನೇ ಸುಳ್ಳಿಗೆ ಸಹಿ ಹಾಕಿ ಬಂದಿದ್ದಳು.

ಅನ್ವರನಿಗೆ ಇದೊಂದನ್ನು ಹೇಳಲಿಲ್ಲ. ಶನಿವಾರಗಳು ಮತ್ತೆ ಖಾಲಿಯಾದವು.

ಅಕ್ಟೋಬರಿನಲ್ಲಿ ಬೆಂಕಿ ಬಂತು. ಮರುಭೂಮಿಯ ಕಡೆಯಿಂದ ಬೀಸಿದ ಒಣಗಾಳಿಗೆ ರಮೋನಾದ ಆಚೆ ಹೊತ್ತಿದ ಕಿಚ್ಚು ಗುಡ್ಡ ಗುಡ್ಡ ದಾಟಿ ಊರುಗಳ ಮೇಲೆ ಇಳಿಯಿತು. ಸೋಮವಾರ ಬೆಳಿಗ್ಗೆ ಕನೀಜ್ ಅಂಗಡಿ ತೆಗೆಯುವಾಗ ಫೋನ್ ಬಂತು.

"ಕನೀಜ್ ಅವರೇ, ನಾನು." ಗೋಪಿನಾಥನ ದನಿ. "ನಾಯಿಗಳನ್ನ ಹೆಂಗೋ ಎತ್ಕೊಂಡು ಬಂದಿದ್ದೀನಿ. ಮನೆಯಿಂದಲೂ ಎಲ್ರನ್ನೂ ಖಾಲಿ ಮಾಡಿಸ್ತಿದ್ದಾರೆ. ಹನ್ನೊಂದು ನಾಯಿ ಅಂದ್ರೆ ಯಾರೂ ಸೇರಿಸ್ತಿಲ್ಲ. ನನಗೆ ಬೇರೆ ಯಾರೂ ಹೊಳೀಲಿಲ್ಲ."

ಅವಳು ಅನ್ವರನ ಅಂಗಡಿಗೆ ನಡೆದಳು. ವಿಷಯ ಹೇಳಿದಳು. ಅಂಗಡಿಯ ಹಿಂದೆ ಎತ್ತರದ ಬೇಲಿಯ ಅಂಗಳವಿತ್ತು. ಅನ್ವರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, "ನಾಯಿಗಳೇನು ಮಾಡಿದ್ವು? ಬರಲಿ," ಎಂದ. ಅಂಗಳದಲ್ಲಿದ್ದ ಹಳೇ ಸೀಟುಗಳನ್ನು ಒಂದು ಮೂಲೆಗೆ ಎಳೆದ.

ಮಧ್ಯಾಹ್ನ ಟ್ರಕ್ಕು ಬಂತು, ಮೈತುಂಬ ಬೂದಿ. ಹಿಂದೆ ಕಲಾವತಿಯ ಕಾರು. ನಾಯಿಗಳು ಒಂದೊಂದಾಗಿ ಇಳಿದವು. ಹನ್ನೊಂದರಲ್ಲಿ ಹುರುಳಿ ಇರಲಿಲ್ಲ, ಬೇಸಿಗೆಯಲ್ಲೇ ಸತ್ತಳಂತೆ. ರಾಗಿ ಮುಂಗಾಲು ಎಳೆಯುತ್ತ ಬಂದು ಕನೀಜಳ ಹೊಟ್ಟೆಗೆ ತಲೆ ಒತ್ತಿತು. ಅನ್ವರ್ ಬಕೆಟ್ಟುಗಳಲ್ಲಿ ನೀರು ತುಂಬಿಟ್ಟ, ಬಂದವರಿಗೆ ಕುರ್ಚಿ ಹಾಕಿದ, ಚಹಾ ತರಿಸಿದ. ಗೋಪಿನಾಥನ ಕಣ್ಣಲ್ಲಿ ನೀರು ಬಂತು.

"ಅನ್ವರ್ ಭಾಯ್, ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ. ಕಷ್ಟ ಬಂದಾಗ್ಲೇ ನೋಡಿ, ನಮ್ಮವರು ಯಾರು ಅಂತ ಗೊತ್ತಾಗೋದು."

ಆ 'ನಮ್ಮವರು' ಅನ್ನುವ ಮಾತನ್ನು ಕನೀಜ್ ತಡೆದುಕೊಳ್ಳಲಾರದೆ ಹೋದಳು.

"ಇವರ ಬಗ್ಗೆ ಊರಿಗೆಲ್ಲ ಏನು ಹೇಳಿದ್ರಿ ಅನ್ನೋದನ್ನ ಇವರ ಮುಂದೆ ಹೇಳಿ ಗೋಪಿ ಅವರೇ."

"ಈಗ್ಯಾಕೆ ಅದು... ಜನ ಏನೇನೋ ಸೇರಿಸಿ ಮಾತಾಡ್ತಾರೆ."

"ಜನ ಅಲ್ರೀ," ಎಂದಳು ಕಲಾವತಿ. ಮುಖಕ್ಕೆ ಮೆತ್ತಿದ ಬೂದಿಯ ಮೇಲೆ ಕಣ್ಣೀರು ಗೆರೆ ಎಳೆದಿತ್ತು. "ನೀವೇ ಹೇಳೀರಿ. ನಾನೂ ಪಕ್ಕದಾಗ ನಿಂತು ಕೇಳಿ ಸುಮ್ನಿದ್ದೆ. ಅನ್ವರ್ ಅಣ್ಣಾರ, ನಾಯಿ ಮುಟ್ಟಬ್ಯಾಡ ಅಂತ ನೀವು ಫೋನ್ ಮಾಡಿ ಅಕ್ಕಾರನ್ನ ಓಟದಿಂದ ಬಿಡಿಸಿದ್ರಿ ಅಂತ ಎಲ್ಲಾರ ಮುಂದ ಹೇಳ್ಯಾರ. ಮಾತ್ರಿ ಕೊಟ್ಟ ತಪ್ಪು ಇವರದು."

ಅನ್ವರ್ ಕೈಯಲ್ಲಿದ್ದ ಪೈಪಿನ ನೀರು ನಿಲ್ಲಿಸಿದ. "ನನಗೆ ಗೊತ್ತು. ಏಪ್ರಿಲ್‌ನಲ್ಲೇ ಒಬ್ಬ ಗಿರಾಕಿ ಇಲ್ಲೇ ನಿಂತು ಬುದ್ಧಿ ಹೇಳಿಹೋದ, ಹೆಂಡತೀನ ಅಷ್ಟು ಕಟ್ಟಿ ಹಾಕಬಾರದು ಅಂತ."

ಕನೀಜ್ ಗಂಡನ ಮುಖ ನೋಡಿದಳು. ಅವಳಿಗೆ ನೋವಾಗಬಾರದೆಂದು ಅವನೂ, ಅವನಿಗೆ ನೋವಾಗಬಾರದೆಂದು ಅವಳೂ, ಒಂದೇ ಮನೆಯಲ್ಲಿ ಇಷ್ಟು ತಿಂಗಳು ಬಾಯಿ ಹೊಲಿದುಕೊಂಡಿದ್ದರು.

"ಒಂದೇ ಒಂದು ಕೇಳ್ತೀನಿ," ಎಂದ ಅನ್ವರ್, ಗೋಪಿನಾಥನ ಕಡೆ ತಿರುಗಿ. "ಚಳಿ ಜಾಸ್ತಿಯಾಯ್ತು ಅನ್ನಬಹುದಿತ್ತು. ಬಂಡಿ ಮುರೀತು ಅನ್ನಬಹುದಿತ್ತು. ನನ್ನ ಹೆಸರೇ ಯಾಕೆ ಬೇಕಾಯ್ತು?"

ಗೋಪಿನಾಥ್ ಮಾತಾಡಿದಾಗ ಅವನ ದನಿಯಲ್ಲಿ ಸುಳ್ಳಿರಲಿಲ್ಲ.

"ಬೇರೆ ಏನು ಹೇಳಿದ್ರೂ ಜನ ಇನ್ನೆರಡು ಪ್ರಶ್ನೆ ಕೇಳ್ತಿದ್ರು. ಇದನ್ನ ಹೇಳಿದ್ಮೇಲೆ ಯಾರೂ ಏನೂ ಕೇಳಲಿಲ್ಲ."

ಬೇಲಿಯ ಆಚೆ ಗಾಡಿಗಳು ಓಡುತ್ತಿದ್ದವು. ಅನ್ವರ್ ತಲೆಯಾಡಿಸಿದ, ಲೆಕ್ಕ ಸರಿಹೋಯಿತು ಅನ್ನುವ ಹಾಗೆ. ಒಳಗೆ ಹೋಗಿ ಮಿಷಿನ್ನು ಶುರುಮಾಡಿದ. ಕನೀಜ್ ಇಷ್ಟೇ ಅಂದಳು: "ನಾಯಿಗಳು ಇಲ್ಲಿರಲಿ. ನೀವಿಬ್ರೂ ಹೋಟೆಲ್ ನೋಡ್ಕೊಳ್ಳಿ."

ರಮೋನಾದ ಗೂಡುಗಳು ಸುಟ್ಟುಹೋದವು. ಫೋರ್ ಎಸ್ ರ್ಯಾಂಚ್‌ನ ಮನೆ ಉಳಿಯಿತು. ಬೆಂಕಿ ಆರಿದ ಮೇಲೆ, ಹೊಸ ಜಾಗ ಸಿಕ್ಕ ಭಾನುವಾರ, ಗೋಪಿನಾಥ್ ಟ್ರಕ್ಕು ತಂದ. ನಾಯಿಗಳು ಅವನನ್ನು ಕಂಡು ಊಳಿಟ್ಟು ಕುಣಿದವು. ಎಲ್ಲಕ್ಕಿಂತ ಮುಂದೆ ರಾಗಿ, ಕುಂಟುತ್ತಲೇ ಹೋಗಿ ಅವನ ಎದೆಗೆ ಕಾಲಿಟ್ಟು ಮುಖ ನೆಕ್ಕಿತು.

"ರಾಗಿ ಇಲ್ಲೇ ಇರ್ತಾಳೆ," ಎಂದಳು ಕನೀಜ್.

"ಅವಳು ನನ್ನ ನಾಯಿ, ಕನೀಜ್ ಅವರೇ," ಎಂದ ಗೋಪಿನಾಥ್, ಬೇಡುವ ದನಿಯಲ್ಲಿ. ಅವಳು ರಾಗಿಯ ಕೊರಳಪಟ್ಟಿ ಹಿಡಿದು ನಿಂತಳು. ಕೊನೆಗೆ ಅವನು ಉಳಿದ ನಾಯಿಗಳನ್ನು ಹತ್ತಿಸಿದ. ಟ್ರಕ್ಕು ತಿರುವು ದಾಟುವವರೆಗೂ ರಾಗಿ ಪಟ್ಟಿಯನ್ನು ಜಗ್ಗಿತು, ಗಂಟಲು ಹರಿಯುವ ಹಾಗೆ ಅತ್ತಿತು. ಕನೀಜಳ ಅಂಗೈ ಕೆಂಪಾಯಿತು. ಎಲ್ಲರಿಗಿಂತ ಹೆಚ್ಚು ಮೋಸ ಹೋದ ರಾಗಿಗೆ ಮೋಸ ಹೋದದ್ದೇ ಗೊತ್ತಿರಲಿಲ್ಲ.

ಮರುವರ್ಷ ಗೋಪಿನಾಥ್ ಓಡಿಸಲು ಬೇರೊಬ್ಬ ಹುಡುಗನನ್ನು ಹುಡುಕಿಕೊಂಡು ಮೊಂಟಾನಾಕ್ಕೆ ಹೋದ. ಓಟ ಮುಗಿಸಿದರು ಎಂದು ಸುದ್ದಿ ಬಂತು. ರಾಗಿಯ ಭುಜ ನೆಟ್ಟಗಾಗಲಿಲ್ಲ. ಹಗಲೆಲ್ಲ ಅದು ಅನ್ವರನ ಅಂಗಡಿಯ ಹಿಂಬಾಗಿಲಲ್ಲಿ, ಹೊಸ್ತಿಲಿನ ಆಚೆ ಮಲಗಿರುತ್ತಿತ್ತು. ಹೊರಗೆ ಯಾವುದಾದರೂ ದೊಡ್ಡ ಗಾಡಿ ನಿಂತ ಸದ್ದಾದರೆ ಮೂರು ಕಾಲ ಮೇಲೆ ಎದ್ದು, ಬಾಲ ಅಲ್ಲಾಡಿಸುತ್ತ ಬೇಲಿಯವರೆಗೆ ಹೋಗುತ್ತಿತ್ತು. ಅನ್ವರ್ ಮಿಷಿನ್ನು ನಿಲ್ಲಿಸಿ, "ಯಾರೂ ಇಲ್ಲ, ಬಾ," ಎಂದು ಕರೆಯುತ್ತಿದ್ದ. ಕನ್ನಡದಲ್ಲೇ.